ಹಾಸಿಗೆಯ ನಾಲ್ಕು ಮೂಲೆ

ಹಡಗು ದಡ ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ದೊಡ್ಡಮ್ಮ ಆಗಲೇ ಕೋಣೆಯ ಹಾಸಿಗೆಯ ಅಂಚೆತ್ತಿ, ಬೆಡ್‌ಶೀಟನ್ನು ಮೂಲೆಯಲ್ಲಿ ಹೇಗೆ ಮಡಚಿದ್ದಾರೆ ಎಂದು ಬಗ್ಗಿ ನೋಡುತ್ತಿದ್ದರು.

"ಶುರುವಾಯ್ತಲ್ಲ ನಿಮ್ಮದು!" ಎಂದಳು ನಾದಿನಿ, ಬಾಲ್ಕನಿಯ ಗಾಜಿನ ಬಾಗಿಲು ಸರಿಸುತ್ತ. "ಅತ್ತಿಗೆ, ಇಲ್ಲಿ ಸಮುದ್ರ ಇದೆ. ಅದನ್ನ ನೋಡಿ."

"ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಕಣೇ. ಈ ಮೂಲೆ ನೋಡು, ಎಷ್ಟು ಸಡಿಲ. ಒಂದ್ಸಲ ಮಗ್ಗುಲು ತಿರುಗಿದ್ರೆ ಕಿತ್ಕೊಂಡು ಬರತ್ತೆ."

ದೊಡ್ಡಮ್ಮ ಯಾರಿಗೂ ಸಂಬಂಧದಿಂದ ದೊಡ್ಡಮ್ಮನಾದವರಲ್ಲ. ಒಂದು ದೊಡ್ಡ ಆಸ್ಪತ್ರೆಯ ಬಟ್ಟೆಕೋಣೆಯನ್ನು ಮೂವತ್ತನಾಲ್ಕು ವರ್ಷ ನೋಡಿಕೊಂಡವರು. ದೊಡ್ಡ ಡಾಕ್ಟರಿಂದ ಹಿಡಿದು ಗುಡಿಸುವವರ ತನಕ ಎಲ್ಲರೂ ಹಾಗೇ ಕರೆದು, ಕೊನೆಗೆ ಮನೆಯವರ ಬಾಯಲ್ಲೂ ಅದೇ ನಿಂತಿತು. ಹೊಸದಾಗಿ ಸೇರಿದ ನರ್ಸುಗಳಿಗೆಲ್ಲ ಹಾಸಿಗೆ ಹಾಸುವುದನ್ನು ಕಲಿಸಿದವರು ಅವರೇ. ಕಾಲಿನ ಕಡೆಯ ಅಂಚನ್ನು ಎತ್ತಿ ತ್ರಿಕೋನ ಮಾಡಿ ಹಾಸಿಗೆಯ ಮೇಲೆ ಮಲಗಿಸು, ನೇತಾಡುವುದನ್ನು ಒಳಗೆ ತಳ್ಳು, ಆಮೇಲೆ ತ್ರಿಕೋನ ಇಳಿಬಿಟ್ಟು ಅದನ್ನೂ ತಳ್ಳು. ಇಷ್ಟು ಎಲ್ಲ ಆಸ್ಪತ್ರೆಯಲ್ಲೂ ಉಂಟು. ದೊಡ್ಡಮ್ಮ ಇದಕ್ಕೆ ತಮ್ಮದೊಂದು ಸೇರಿಸಿದ್ದರು. ಜ್ವರ ಬಂದವರು ಕಾಲು ಒದೆಯುತ್ತಾರೆಂದು, ಒಳಗೆ ತಳ್ಳಿದ ಅಂಚನ್ನು ಅಂಗೈ ತಿರುವಿ ಇನ್ನೊಂದು ಸುತ್ತು ಮಡಚುತ್ತಿದ್ದರು. ಆ ಮಡಿಕೆ ರೋಗಿ ಎಷ್ಟೇ ಹೊರಳಾಡಿದರೂ ಬಿಚ್ಚುತ್ತಿರಲಿಲ್ಲ. ಮಲಗಿದವರಿಗೆ ಬೆನ್ನಡಿಯಲ್ಲಿ ಒಂದು ಸುಕ್ಕು ಸಿಗಬಾರದು, ದೇವರು ನನ್ನ ಕೈಗೆ ಕೊಟ್ಟಿರುವ ಪೂಜೆ ಇದೇ ಎಂದು ಅವರು ನಂಬಿದ್ದರು. ನಂಬಿದ್ದನ್ನು ಯಾರಿಗೂ ಹೇಳಿಕೊಂಡು ತಿರುಗಿದವರಲ್ಲ.

ನಾದಿನಿಯದು ಬೇರೆಯೇ ಲೆಕ್ಕಾಚಾರ. ಅವಳದೊಂದು ಬ್ಯೂಟಿ ಪಾರ್ಲರ್. ಇಪ್ಪತ್ತೆಂಟು ವರ್ಷ ಮಂದಿಯ ಕಾಲು ಉಜ್ಜಿ, ತಲೆ ಒತ್ತಿ, ಉಗುರಿಗೆ ಬಣ್ಣ ಬಳಿದು, ಐವತ್ತೆಂಟನೆಯ ಹುಟ್ಟುಹಬ್ಬದಂದು ಕನ್ನಡಿಯ ಮುಂದೆ ನಿಂತು, "ಇನ್ನು ಎಂಟು ದಿನ ನನ್ನ ಕಾಲನ್ನ ಬೇರೆಯವರು ಒತ್ತಲಿ" ಎಂದು ಘೋಷಿಸಿದ್ದಳು. ಒಬ್ಬಳೇ ಹೋದರೆ ಹೊಗಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲವೆಂದು ಅತ್ತಿಗೆಯನ್ನೂ ಎಳೆದು ತಂದಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. ಬೂದು ಬಣ್ಣದ ಕೋಟಿನಲ್ಲಿ, ಕಿವಿಯ ಮೇಲೆ ನರೆ ಇಣುಕುವ ನಲವತ್ತರ ಗಂಡಸೊಬ್ಬ ಕೈಮುಗಿದು ನಿಂತಿದ್ದ. ಈ ಸಾಲಿನ ಹದಿನಾಲ್ಕು ಕೋಣೆಗಳನ್ನು ನೋಡಿಕೊಳ್ಳುವವನು ತಾನೇ ಎಂದ. ದಿಂಬು ಬೇಕೆ, ಬಿಸಿನೀರು ಬೇಕೆ, ಏನು ಬೇಕಾದರೂ ಈ ಗುಂಡಿ ಒತ್ತಿದರೆ ಸಾಕು ಎಂದ. ಅವರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎರಡು ಟವೆಲ್ ಸುತ್ತಿ ಒಂದು ಆನೆ ಮಾಡಿ ಹಾಸಿಗೆಯ ಮೇಲೆ ಕೂರಿಸಿದ್ದ. ನಾದಿನಿಗೆ ಖುಷಿಯೋ ಖುಷಿ. ಅವಳ ಬಾಯಲ್ಲಿ ಅವನು ಅಂದಿನಿಂದ ಆನೆಯಣ್ಣ.

ದೊಡ್ಡಮ್ಮನಿಗೆ ಮಾತ್ರ ಕಸಿವಿಸಿ. ಊಟದ ಕೋಣೆಯಲ್ಲೂ ಅದೇ ಪಾಡಾಗಿತ್ತು. ಬಡಿಸುವವನು ಕುರ್ಚಿ ಎಳೆದರೆ ಅವರು ಎದ್ದು ನಿಂತರು. ಅವನು ತೊಡೆಯ ಮೇಲೆ ಬಟ್ಟೆ ಹಾಸಿದರೆ ಅದನ್ನು ತೆಗೆದು ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟರು. ತಿಂದಾದ ತಟ್ಟೆಗಳನ್ನು ದೊಡ್ಡದರ ಮೇಲೆ ಚಿಕ್ಕದಿಟ್ಟು ಎತ್ತಿಕೊಂಡು ಹೊರಟೇಬಿಟ್ಟರು.

"ಅಮ್ಮ, ತಟ್ಟೆ ಬಿಡಿ," ಎಂದು ಅವನು ಒಂದು ಕಡೆ ಹಿಡಿದ.

"ಇರಲಿ ಬಿಡಪ್ಪ, ತೊಳೆಯೋ ಜಾಗ ಎಲ್ಲಿ ಹೇಳು," ಎಂದು ಇವರು ಇನ್ನೊಂದು ಕಡೆ ಹಿಡಿದರು.

ಸುತ್ತಲಿನ ಮೇಜಿನವರು ಚಮಚ ಕೆಳಗಿಟ್ಟು ಈ ಜಗ್ಗಾಟ ನೋಡಿದರು. ನಾದಿನಿ ಮೆನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಂಡು, "ಇವರು ಯಾರೋ ನಂಗೆ ಗೊತ್ತಿಲ್ಲ" ಎಂದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ದೊಡ್ಡಮ್ಮ ಬಾಲ್ಕನಿಯಲ್ಲಿ ನಿಂತಿದ್ದರು. ಕೆಳಗೆ ನೀರು ಎಣ್ಣೆ ಹಚ್ಚಿದ ಹಾಗೆ ನುಣುಪಾಗಿತ್ತು. ಸೂರ್ಯ ಮೇಲೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿದ್ದ. ಅವರು ಕೈಮುಗಿದು, ಇಷ್ಟು ನೀರನ್ನು ತುಳುಕದಂತೆ ಹಿಡಿದಿರುವವನನ್ನು ನೆನೆದು, ಒಳಗೆ ಬಂದು ಕೆಲಸಕ್ಕೆ ನಿಂತರು. ತಮ್ಮ ಹಾಸಿಗೆ ಮುಗಿಸಿ, ನಾದಿನಿ ಬಚ್ಚಲಿಗೆ ಹೋದದ್ದೇ ತಡ ಅವಳದನ್ನೂ ಕಿತ್ತು ಹಾಸಿದರು. ಬಚ್ಚಲಿನ ಕನ್ನಡಿ ಒರೆಸಿದರು. ಟವೆಲುಗಳನ್ನು ಅಂಚಿಗೆ ಅಂಚು ಕೂಡಿಸಿ ನೇತುಹಾಕಿದರು.

ಆನೆಯಣ್ಣ ಬಂದು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಕೋಣೆ ನಿನ್ನೆ ತಾನು ಬಿಟ್ಟುಹೋದದ್ದಕ್ಕಿಂತ ಚೊಕ್ಕಟವಾಗಿತ್ತು.

"ಅಮ್ಮ, ಇದು ನನ್ನ ಕೆಲಸ."

"ಹದಿಮೂರು ಕೋಣೆ ಇದೆಯಲ್ಲಪ್ಪ ನಿಂಗೆ, ಸಾಲದಾ? ಬೆಡ್‌ಶೀಟ್ ಬದಲಾಯಿಸ್ಬೇಡ. ಒಂದು ದಿನ ಮಲಗಿದ್ರೆ ಅದೇನು ಮಾಸತ್ತಾ? ಕೂತ್ಕೋ. ಹತ್ತು ನಿಮಿಷ ಕಾಲು ಚಾಚು."

ಪ್ರಯಾಣಿಕರು ಹೇಳಿದ್ದಕ್ಕೆ ಎದುರಾಡಬಾರದು ಎಂಬುದು ಆ ಹಡಗಿನ ಮೊದಲ ಪಾಠ. ಅವನು ಕುರ್ಚಿಯ ತುದಿಯಲ್ಲಿ ಕೂತ. ಮೂರು ದಿನ ಹೀಗೇ ನಡೆಯಿತು. ಆ ಹತ್ತು ಹತ್ತು ನಿಮಿಷದಲ್ಲಿ ಅವನ ಬದುಕು ಒಂದೊಂದೇ ತುಣುಕಾಗಿ ದೊಡ್ಡಮ್ಮನ ಮುಂದೆ ಬಂತು. ವರ್ಷಕ್ಕೆ ಒಂಬತ್ತು ತಿಂಗಳು ನೀರಿನ ಮೇಲೆ. ಮನೆಯಲ್ಲಿ ಐದು ವರ್ಷದ ಮಗಳು. ಅವಳಿಗೆ ಅಪ್ಪ ಎಂದರೆ ಫೋನಿನೊಳಗಿನ ಮುಖ. ಹೋದ ಸಲ ಎದುರಿಗೆ ಹೋಗಿ ನಿಂತರೆ ಅಮ್ಮನ ಸೆರಗು ಹಿಡಿದು, "ಇವರು ಪೂರ್ತಿ ಇದಾರೆ" ಎಂದಳಂತೆ. ಅದನ್ನು ಹೇಳುವಾಗ ಅವನು ನಕ್ಕ. ದೊಡ್ಡಮ್ಮ ನಗಲಿಲ್ಲ.

"ಈ ಸಲ ಬಂದರಿನ ಲಾಂಡ್ರಿಗೆ ನಾಲ್ಕು ಜನರನ್ನ ತಗೋತಾರೆ ಅಮ್ಮ. ದಡದ ಮೇಲಿನ ಕೆಲಸ. ಸಂಜೆಯಾದ್ರೆ ಮನೆಗೆ ಹೋಗ್ಬಹುದು. ನನ್ನ ಹೆಸರು ಪಟ್ಟಿಯಲ್ಲಿದೆ. ಐದನೇ ದಿನ ಸಂಜೆ ನಾಲ್ಕಕ್ಕೆ ಕೊನೇ ಪಟ್ಟಿ ಹಾಕ್ತಾರೆ."

"ಆಗತ್ತೆ ಬಿಡು. ದೇವರು ಕಣ್ಣು ಮುಚ್ಚಿ ಕೂತಿಲ್ಲ."

ಅವನು ಎದ್ದು, ತನ್ನ ಹಾಳೆಯಲ್ಲಿ ಆ ಕೋಣೆಯ ಮುಂದೆ 'ಆಯಿತು' ಎಂದು ಗುರುತು ಹಾಕಿ ಹೊರಟ. ಪ್ರಯಾಣಿಕರೇ ಮಾಡಿಕೊಂಡರು ಎಂದು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ.

ಐದನೆಯ ದಿನ ಬೆಳಗ್ಗೆ ಬಾಗಿಲು ತಟ್ಟಿದವಳು ಬೇರೆ ಒಬ್ಬ ಹೆಂಗಸು. ಗಡಿಬಿಡಿಯಲ್ಲಿ ಎರಡು ಕೈಯಲ್ಲೂ ಟವೆಲ್ ಹೊತ್ತಿದ್ದಳು.

"ಆನೆಯಣ್ಣ ಎಲ್ಲಿ?" ಎಂದಳು ನಾದಿನಿ. "ಹುಷಾರಿಲ್ವಾ?"

ಹೆಂಗಸು ಹಿಂದೆ ಮುಂದೆ ನೋಡಿದಳು. "ಅವರನ್ನ ಕೆಳಗೆ ಪಾತ್ರೆ ತೊಳೆಯೋ ಕಡೆ ಹಾಕಿದಾರೆ. ನಿನ್ನೆ ನೀವಿಲ್ಲದಾಗ ಗ್ಲೌಸಮ್ಮ ಬಂದು ತಪಾಸಣೆ ಮಾಡಿದ್ರು. ಅಯ್ಯೋ, ಗ್ಲೌಸಮ್ಮ ಅಂದ್ರೆ ನಮ್ಮ ಮೇಲ್ವಿಚಾರಕಿ, ಬಿಳಿ ಗ್ಲೌಸ್ ಹಾಕ್ಕೊಂಡು ಧೂಳು ಹುಡುಕ್ತಾರಲ್ಲ, ಅದಕ್ಕೆ ಹಾಗಂತೀವಿ. ನೀವು ಅನ್ಬೇಡಿ ಮತ್ತೆ."

"ಧೂಳು ಸಿಕ್ತಾ?" ಎಂದರು ದೊಡ್ಡಮ್ಮ. ಅವರ ದನಿಯಲ್ಲಿ ಅವಮಾನವಿತ್ತು.

"ಧೂಳಲ್ಲಮ್ಮ, ದಾರ. ನಮ್ಮ ಬೆಡ್‌ಶೀಟ್ ಅಂಚಲ್ಲಿ ಒಂದೊಂದು ದಿನಕ್ಕೆ ಒಂದೊಂದು ಬಣ್ಣದ ದಾರ ಇರತ್ತೆ. ದಿನಾ ಬದಲಾಯಿಸ್ಬೇಕು. ಇಲ್ಲಿ ನಾಲ್ಕನೇ ದಿನವೂ ಮೊದಲನೇ ದಿನದ ಕೆಂಪು ದಾರವೇ ಇತ್ತು. ಆದ್ರೆ ಹಾಳೆಯಲ್ಲಿ ದಿನಾ 'ಆಯಿತು' ಅಂತ ಬರೆದಿದಾರೆ. ಸಾಲದ್ದಕ್ಕೆ ಮೂಲೆ ಮಡಿಕೆ ನಮ್ಮ ಹಡಗಿಂದೇ ಅಲ್ಲ. ತಾವು ಸೋಮಾರಿತನ ಮಾಡಿ ಬೇರೆ ಯಾರ ಕೈಲೋ ಹಾಸಿಸಿದಾರೆ ಅಂತ ಆಗಿದೆ. ಲಾಂಡ್ರಿ ಪಟ್ಟಿಯಿಂದ ಹೆಸರು ತೆಗೀತಾರಂತೆ."

"ಅವನೇನು ಹೇಳಿದ?"

"ಏನೂ ಹೇಳಿಲ್ಲಮ್ಮ. ಸುಮ್ನೆ ನಿಂತಿದ್ರಂತೆ. ಪ್ರಯಾಣಿಕರ ಕಡೆ ಬೆರಳು ತೋರಿಸೋ ಹಾಗಿಲ್ವಲ್ಲ ನಾವು."

ದೊಡ್ಡಮ್ಮ ತಾವು ಅದೇ ತಾನೇ ಹಾಸಿದ ಹಾಸಿಗೆಯ ಮೇಲೆ ಕುಸಿದು ಕೂತರು. ಮೂವತ್ತನಾಲ್ಕು ವರ್ಷದಲ್ಲಿ ಈ ಕೈಯಿಂದ ಒಬ್ಬರಿಗೂ ಸುಕ್ಕು ತಾಗಿಸಿರಲಿಲ್ಲ. ಈಗ ಒಬ್ಬನ ಮನೆ ಬಾಗಿಲನ್ನೇ ಮುಚ್ಚಿಸಿಬಿಟ್ಟೆನಲ್ಲ ಎಂದುಕೊಂಡರು.

"ಮೂರು ದಿನದಿಂದ ಬಡ್ಕೊಂಡೆ," ಎಂದಳು ನಾದಿನಿ. "ಪುಣ್ಯ ಕಟ್ಕೊಳ್ಳೋಕೆ ಹೋಗಿ ಆನೆಯಣ್ಣನ ತಲೆ ಮೇಲೆ ಚಪ್ಪಡಿ ಎಳೆದ್ರಿ." ಹೇಳಿದ ಮೇಲೆ ಅತ್ತಿಗೆಯ ಮುಖ ನೋಡಿ ದನಿ ಇಳಿಸಿದಳು. "ಏಳಿ. ಚಪ್ಪಲಿ ಹಾಕ್ಕೊಳ್ಳಿ. ಇನ್ನೂ ಹನ್ನೊಂದು ಗಂಟೆ. ನಾಲ್ಕಕ್ಕೆ ತಾನೇ ಪಟ್ಟಿ?"

"ಹನ್ನೆರಡಕ್ಕೆ ನಿನ್ನ ಮಸಾಜು?"

"ಕಾಲು ಎಲ್ಲೂ ಓಡಿಹೋಗಲ್ಲ. ನಡೀರಿ."

ಐದನೆಯ ಅಂತಸ್ತಿನಲ್ಲಿ ಅಮೃತಶಿಲೆಯ ವಿಚಾರಣೆ ಕೌಂಟರು. ಅದರ ಹಿಂದೆ ಹೂವಿನಂಥ ನಗು ಹೊತ್ತ ಹುಡುಗಿ. ವಿಷಯ ಕೇಳಿ ಆಕೆ ಒಂದು ಫಾರಂ ಮುಂದಿಟ್ಟಳು.

"ದೂರು ಕೊಡೋದಾದರೆ ಎಡಗಡೆ ತುಂಬಿ ಅಮ್ಮ. ಮೆಚ್ಚುಗೆಯಾದರೆ ಬಲಗಡೆ."

"ತಪ್ಪು ನಂದು ಅಂತ ಬರೆಯೋಕೆ ಎಲ್ಲಮ್ಮ ಜಾಗ?"

ಹುಡುಗಿ ಫಾರಂ ತಿರುವಿ ನೋಡಿದಳು. ಹಿಂದಿನ ಪುಟವನ್ನೂ ನೋಡಿದಳು. ಹೂವು ಸ್ವಲ್ಪ ಬಾಡಿತು. "ಅಂಥದ್ದು... ಇಲ್ಲ."

"ಹಾಗಾದ್ರೆ ನಿಮ್ಮ ಗ್ಲೌ..." ಎಂದ ನಾದಿನಿ ನಾಲಿಗೆ ಕಚ್ಚಿಕೊಂಡು, "ನಿಮ್ಮ ಮೇಲ್ವಿಚಾರಕಿಯನ್ನ ಕರೀರಿ. ಅವರು ಬರೋ ತನಕ ನಾವು ಇಲ್ಲಿಂದ ಕದಲಲ್ಲ. ಈಕೆ ಆಸ್ಪತ್ರೆಯಲ್ಲಿ ದಿನಾ ನಿಂತೇ ಕೆಲಸ ಮಾಡಿದೋರು. ಎಷ್ಟೊತ್ತಾದ್ರೂ ನಿಲ್ತಾರೆ."

ನಿಲ್ಲಬೇಕಾಗಿಯೇ ಬಂತು. ಹನ್ನೆರಡಾಯಿತು, ಒಂದಾಯಿತು. ಒಬ್ಬ ಬಂದು ತಣ್ಣನೆಯ ಹಣ್ಣಿನ ರಸ ಕೊಟ್ಟ. ಇನ್ನೊಬ್ಬ ಮೆತ್ತನೆಯ ಕುರ್ಚಿ ತಂದಿಟ್ಟ. ಆ ಹಡಗಿನಲ್ಲಿ ಕಾಯಿಸುವುದನ್ನೂ ಎಷ್ಟು ಸುಖವಾಗಿ ಮಾಡುತ್ತಿದ್ದರೆಂದರೆ, ಬೇರೆಯವರಾದರೆ ಬಂದ ಕೆಲಸವನ್ನೇ ಮರೆಯುತ್ತಿದ್ದರು. ದೊಡ್ಡಮ್ಮ ಕೂರಲಿಲ್ಲ. ಕಣ್ಣು ಮುಚ್ಚಿ, ತುಟಿ ಅಲುಗಿಸದೆ, 'ಅಪ್ಪಾ ಸ್ವಾಮಿ, ನನ್ನ ಕೈಯ ತಪ್ಪನ್ನ ನನ್ನ ಕೈಯಿಂದಲೇ ಬಿಡಿಸು' ಎಂದು ಬೇಡಿಕೊಳ್ಳುತ್ತಿದ್ದರು.

ಎರಡೂಕಾಲು ಗಂಟೆಗೆ ಗ್ಲೌಸಮ್ಮ ಬಂದಳು. ಐವತ್ತರ ಹೆಂಗಸು, ನೆಟ್ಟಗಿನ ಬೆನ್ನು, ಕೈಗೆ ನಿಜವಾಗಿಯೂ ಬಿಳಿ ಗ್ಲೌಸು. ಪೂರ್ತಿ ಕೇಳಿಸಿಕೊಂಡಳು. ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಮೃದುವಾಗಿ ಹೇಳಿದಳು:

"ನಿಮ್ಮದು ದೊಡ್ಡ ಮನಸ್ಸು ಅಮ್ಮ. ಆದ್ರೆ ಪ್ರತಿ ಪ್ರಯಾಣದಲ್ಲೂ ಯಾರಾದ್ರೂ ಒಬ್ಬರು ಹೀಗೆ ಬರ್ತಾರೆ. ಕೆಲಸದವರ ಮೇಲೆ ಕರುಣೆ ಬಂದು ತಪ್ಪು ತಮ್ಮದು ಅಂತಾರೆ. ನಾನು ಅದನ್ನ ನಂಬ್ತಾ ಹೋದ್ರೆ ಹಡಗು ನಡೆಯಲ್ಲ. ಆ ಮಡಿಕೆ ನೋಡಿದೀನಿ. ಅದು ರಜಕ್ಕೆ ಬಂದವರ ಕೈ ಅಲ್ಲ, ಪಳಗಿದ ಕೈ."

ದೊಡ್ಡಮ್ಮ ಮೊದಲ ಬಾರಿಗೆ ಅವಳ ಮುಖವನ್ನು ನೇರ ನೋಡಿದರು.

"ಕೋಣೆಗೆ ಬಾ ತಾಯಿ. ಹತ್ತು ನಿಮಿಷ ಸಾಕು."

ಕೋಣೆಗೆ ಬಂದದ್ದೇ ದೊಡ್ಡಮ್ಮ ತಮ್ಮ ಹಾಸಿಗೆಯನ್ನು ಒಂದೇ ಎಳೆತಕ್ಕೆ ಬರಿದು ಮಾಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬೆಡ್‌ಶೀಟ್ ಗಾಳಿಯಲ್ಲಿ ಒಮ್ಮೆ ಹಕ್ಕಿಯಂತೆ ಬಿಚ್ಚಿ, ನಡುಗೆರೆ ಹಾಸಿಗೆಯ ನಟ್ಟನಡುವೆ ಬಂದು ಕೂತಿತು. ಮೊಣಕೈಯಿಂದ ಒಮ್ಮೆ ಸವರಿದರು. ತಲೆಯ ಕಡೆ ಎರಡು ಮೂಲೆ, ಕಾಲಿನ ಕಡೆ ಎರಡು ಮೂಲೆ. ತ್ರಿಕೋನ ಎದ್ದಿತು, ಮಲಗಿತು, ಇಳಿಯಿತು. ಪ್ರತಿ ಮೂಲೆಗೂ ಕೊನೆಯಲ್ಲಿ ಅಂಗೈ ತಿರುವಿ ಇನ್ನೊಂದು ಸುತ್ತು. ಅರವತ್ತೇಳರ ಆ ಬೆನ್ನು ಎಲ್ಲಿ ಬಗ್ಗಿತು, ಎಲ್ಲಿ ಎದ್ದಿತು ಎಂದು ಗೊತ್ತಾಗಲಿಲ್ಲ. ಪಕ್ಕದ ಮನೆಯಲ್ಲಿ ಮೂವತ್ತು ವರ್ಷ ಇದ್ದರೂ ಅತ್ತಿಗೆ ಕೆಲಸ ಮಾಡುವುದನ್ನು ನಾದಿನಿ ಎಂದೂ ಹೀಗೆ ನಿಂತು ನೋಡಿರಲಿಲ್ಲ.

"ಈಗ ನೀನು ಒದ್ದು ನೋಡು," ಎಂದರು ದೊಡ್ಡಮ್ಮ.

"ಏನಂದ್ರಿ?"

"ಮಲಗಿ ಕಾಲು ಒದಿ ತಾಯಿ. ಬಿಚ್ಚಿದ್ರೆ ನಾನು ಸುಳ್ಳಿ."

ಗ್ಲೌಸಮ್ಮ ಮಲಗಲಿಲ್ಲ. ಆದರೆ ಮಂಡಿಯೂರಿ ಕೂತು ಮೂಲೆ ಎತ್ತಿ ನೋಡಿದಳು. ಒಂದು, ಇನ್ನೊಂದು, ನಾಲ್ಕೂ. ಬೆರಳು ಒಳಗೆ ತೂರಿಸಿ ಆ ಎರಡನೆಯ ಸುತ್ತನ್ನು ಹುಡುಕಿದಳು. ಗ್ಲೌಸಿನಲ್ಲಿ ಸಿಗಲಿಲ್ಲ. ಬಲಗೈಯದನ್ನು ಕಳಚಿ ಮತ್ತೆ ತೂರಿಸಿದಳು.

"ನಿನ್ನೆಯದು ಇದೇ," ಎಂದಳು ಮೆಲ್ಲಗೆ. ಎದ್ದು ನಿಂತು, "ದಾರದ ವಿಷಯ?"

"ಬದಲಾಯಿಸ್ಬೇಡ ಅಂತ ಅಡ್ಡ ನಿಂತವಳು ನಾನು. ಚೊಕ್ಕ ಬಟ್ಟೆ ಒಗೆಯೋದು ಯಾಕೆ ಅಂತ. ಆ ನಿಮ್ಮ ಬಣ್ಣದ ಸಂಗತಿ ಗೊತ್ತಿರ್ಲಿಲ್ಲ. ನಮ್ಮಲ್ಲಿ ಅಂಚಿಗೆ ವಾರ್ಡಿನ ನಂಬರ್ ಮಾತ್ರ ಇರ್ತಿತ್ತು."

"ಆತ ಹಾಳೆಯಲ್ಲಿ ಆಯಿತು ಅಂತ ಬರೆದದ್ದು ತಪ್ಪು ತಾನೇ?"

ದೊಡ್ಡಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿದರು. "ತಪ್ಪು. ಅಷ್ಟಕ್ಕೆ ಬೈಯಿ. ನಾನೂ ನನ್ನ ಕೈಕೆಳಗಿನವರನ್ನ ಬೈತಿದ್ದೆ. ಆದ್ರೆ ಹಾಸಿಗೆ ಹಾಸದೆ ಬರೆದಿಲ್ಲ ಅವನು. ಹಾಸಿದ ಹಾಸಿಗೆ ನೋಡಿ ಬರೆದ. ಹಾಸಿದ್ದು ಆ ಅಮ್ಮ ಅನ್ನೋಕೆ ಅವನನ್ನ ನಿಮ್ಮ ಹಡಗಿನ ಪಾಠ ಬಿಡ್ಲಿಲ್ಲ."

ಗ್ಲೌಸಮ್ಮನ ತುಟಿಯ ತುದಿ ಅಲುಗಿತು. ಅದು ನಗುವೇ ಹೌದೋ ಎಂದು ನೋಡುವಷ್ಟರಲ್ಲಿ ಮಾಯವಾಯಿತು. ಗಡಿಯಾರ ನೋಡಿದಳು. ಮೂರಕ್ಕೆ ಹತ್ತು ನಿಮಿಷ.

"ಪಟ್ಟಿ ಇನ್ನೂ ನನ್ನ ಮೇಜಿನ ಮೇಲಿದೆ. ಬೈಗುಳ ಅವನಿಗೆ ತಪ್ಪಲ್ಲ. ಹೆಸರು ಇರತ್ತೆ. ಆದ್ರೆ ನನ್ನದೊಂದು ಷರತ್ತು ಅಮ್ಮ. ಉಳಿದ ಮೂರು ದಿನ ಈ ಕೋಣೆಯಲ್ಲಿ ನೀವು ಒಂದು ದಿಂಬನ್ನೂ ಮುಟ್ಟಕೂಡದು."

"ದಿಂಬೂ ಇಲ್ವಾ?"

"ಟವೆಲೂ ಇಲ್ಲ."

ನಾದಿನಿ ಚಪ್ಪಾಳೆ ತಟ್ಟಿದಳು. "ಮೇಡಂ, ಇದನ್ನ ಒಂದು ಕಾಗದದಲ್ಲಿ ಬರೆದು ಸೀಲ್ ಹಾಕಿ ಕೊಡ್ತೀರಾ? ಮನೆಗೂ ತಗೊಂಡು ಹೋಗ್ತೀನಿ."

ಗ್ಲೌಸಮ್ಮ ಬಾಗಿಲ ತನಕ ಹೋದವಳು ತಿರುಗಿ ಬಂದಳು. ಎಡಗೈಯ ಗ್ಲೌಸನ್ನೂ ಕಳಚಿ ಜೇಬಿಗೆ ಹಾಕಿಕೊಂಡಳು. "ಆ ಕೊನೇ ಸುತ್ತು," ಎಂದಳು, ಪಾಠ ಕೇಳುವ ಹುಡುಗಿಯ ಹಾಗೆ, "ಇನ್ನೊಂದ್ಸಲ ನಿಧಾನವಾಗಿ ತೋರಿಸಿ. ಷರತ್ತು ನಾಳೆಯಿಂದ."

ನಾಲ್ಕು ಗಂಟೆಗೆ ಪಟ್ಟಿ ಕೆಳಗಿನ ಅಂತಸ್ತಿನಲ್ಲಿ, ಕೆಲಸದವರು ಓಡಾಡುವ ಜಾಗದಲ್ಲಿ ಬಿತ್ತು. ಪ್ರಯಾಣಿಕರಿಗೆ ಅಲ್ಲಿಗೆ ಹೋಗಲು ಅಪ್ಪಣೆಯಿಲ್ಲ. ದೊಡ್ಡಮ್ಮ ಬಾಲ್ಕನಿಯಲ್ಲಿ ನಿಂತು, ಕೋಣೆಗೆ ಬಂದು, ಮತ್ತೆ ಬಾಲ್ಕನಿಗೆ ಹೋದರು. ನಾಲ್ಕೂವರೆಗೆ ಬಾಗಿಲ ಸದ್ದಾಯಿತು. ಆನೆಯಣ್ಣ. ಪಾತ್ರೆಯ ನೀರು ಇನ್ನೂ ಆರದ ತೋಳು, ಕೆಂಪಗಾದ ಕಣ್ಣು. ನಾಲ್ಕು ಬೆರಳು ಎತ್ತಿ ತೋರಿಸಿದ. ಪಟ್ಟಿಯಲ್ಲಿ ನಾಲ್ಕನೆಯದು ಅವನ ಹೆಸರು.

"ಬೈದ್ರಾ?" ಎಂದರು ದೊಡ್ಡಮ್ಮ.

"ಚೆನ್ನಾಗಿ ಬೈದ್ರು ಅಮ್ಮ." ಈಗ ಅವನ ಮುಖದ ತುಂಬ ನಗು.

ದೊಡ್ಡಮ್ಮ ಗೋಡೆಗೆ ಒರಗಿ, "ಸದ್ಯ ಸ್ವಾಮಿ, ಸದ್ಯ" ಎಂದಷ್ಟೇ ಹೇಳಿದರು.

ಮರುದಿನ ಬೆಳಗ್ಗೆ ಅವನು ಮತ್ತೆ ಕೋಣೆಗಳ ಕೆಲಸಕ್ಕೆ ಬಂದಾಗ ದೊಡ್ಡಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ಹಾಸಿಗೆ ಎದ್ದ ಹಾಗೇ ಬಿದ್ದಿತ್ತು. ಹೊದಿಕೆ ಅರ್ಧ ನೆಲದ ಮೇಲೆ. ಅವರ ಕಣ್ಣಿಗೆ ಅದು ಲೋಕವೇ ತಲೆಕೆಳಗಾದ ಹಾಗೆ ಕಾಣುತ್ತಿತ್ತು.

"ಆರು ಗಂಟೆಯಿಂದ ಹೀಗೇ ಕೂತಿದಾರೆ," ಎಂದು ನಾದಿನಿ ಚಾಡಿ ಹೇಳಿದಳು. "ಎರಡು ಸಲ ಎದ್ರು. ನಾನು ಗ್ಲೌಸಮ್ಮನ್ನ ಕರೀತೀನಿ ಅಂದೆ, ಕೂತ್ರು."

ಆನೆಯಣ್ಣ ಹಳೆಯದನ್ನು ತೆಗೆದು ಹೊಸ ಬೆಡ್‌ಶೀಟ್ ಬಿಡಿಸಿದ. ಅಂಚಿನಲ್ಲಿ ಹಳದಿ ದಾರ. ದೊಡ್ಡಮ್ಮನ ಭುಜ ತಾನಾಗಿ ಮುಂದೆ ಬಾಗಿತು. ನಡುಗೆರೆ ಒಂದು ಬೆರಳು ಎಡಕ್ಕೆ ಹೋಗಿತ್ತು. ಹೇಳಲೇ ಎಂದುಕೊಂಡರು, ನುಂಗಿಕೊಂಡರು. ಅವನೇ ನೋಡಿ ಸರಿಮಾಡಿದ. ಆತುರವಿಲ್ಲದೆ, ಗುನುಗುತ್ತ, ತನಗೆ ಬಂದ ರೀತಿಯಲ್ಲಿ ಮೂಲೆ ಮಡಚಿದ. ಆ ಕೈಗಳೂ ತಮ್ಮ ಪೂಜೆ ಒಪ್ಪಿಸುತ್ತಿವೆ, ತಾನು ಮೂರು ದಿನ ಅದಕ್ಕೆ ಅಡ್ಡ ನಿಂತಿದ್ದೆ ಎಂದು ದೊಡ್ಡಮ್ಮನಿಗೆ ಹೊಳೆಯಿತು. ನಾಚಿಕೆಯಾಯಿತು. ಜೊತೆಗೇ ಮೈ ಹಗುರವೂ ಆಯಿತು. ಇವತ್ತು ತನ್ನ ಪಾಲಿಗೆ ಬಂದಿರುವುದು ಕೂರುವ ಕೆಲಸ. ಅದನ್ನೂ ನೆಟ್ಟಗೆ ಮಾಡೋಣ ಎಂದು ಅಂಗೈಗಳನ್ನು ತೊಡೆಯಡಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹೇಗಿದೆ ಅತ್ತಿಗೆ?" ಎಂದಳು ನಾದಿನಿ.

"ಕಷ್ಟ ಕಣೇ. ಹಾಸೋದೇ ಸುಲಭ."

ಬಿಸಿಲು ಕುರ್ಚಿಯ ತನಕ ಬಂದಿತ್ತು. ಆನೆಯಣ್ಣ ಮಗಳಿಗೆ ರಾತ್ರಿಯೇ ಫೋನು ಮಾಡಿದ್ದನ್ನು, ಅವಳು "ಪೂರ್ತಿ ಬರ್ತೀಯಾ?" ಎಂದು ಕೇಳಿದ್ದನ್ನು ಹೇಳುತ್ತ ಎರಡನೆಯ ಹಾಸಿಗೆಗೆ ಹೋದ. ದೊಡ್ಡಮ್ಮ "ಹ್ಞೂಂ, ಹ್ಞೂಂ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಹ್ಞೂಂ ನಿಂತಿತು. ತಿರುಗಿ ನೋಡಿದರೆ ಅವರ ತಲೆ ಕುರ್ಚಿಯ ಒರಗಿಗೆ ವಾಲಿತ್ತು. ಬೆಳಗಿನ ಒಂಬತ್ತು ಗಂಟೆಗೆ, ಕೆಲಸ ನಡೆಯುತ್ತಿರುವ ಕೋಣೆಯಲ್ಲಿ, ದೊಡ್ಡಮ್ಮ ನಿದ್ದೆ ಹೋಗಿದ್ದರು.

ನಾದಿನಿ ತುಟಿಯ ಮೇಲೆ ಬೆರಳಿಟ್ಟಳು. ಆನೆಯಣ್ಣ ದಿಂಬನ್ನು ಸದ್ದಾಗದಂತೆ ಇಟ್ಟು, ತುದಿಗಾಲಲ್ಲಿ ಹೋಗಿ ಬಾಗಿಲೆಳೆದುಕೊಂಡ.